ಹಳೆಯ ಟೋಪಿ, ಹೊಸ ಲೆಕ್ಕ: ಇಂಡಿಯಾನಾ ಜೋನ್ಸ್ ಮರಳಿ ಬಂದಾಗ

ಎರಡು ಲೆಕ್ಕಗಳಿಂದಲೇ ಮಾತು ಆರಂಭಿಸಬಹುದು. 2008ರ ಮೇ ತಿಂಗಳಲ್ಲಿ ತೆರೆಕಂಡ ಇಂಡಿಯಾನಾ ಜೋನ್ಸ್ ಸರಣಿಯ ನಾಲ್ಕನೆಯ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 18.5 ಕೋಟಿ ಡಾಲರ್. ವಿಶ್ವದಾದ್ಯಂತ ಚಿತ್ರಮಂದಿರಗಳಲ್ಲಿ ಅದು ತಂದ ಹಣ ಸುಮಾರು 79 ಕೋಟಿ ಡಾಲರ್. 2023ರ ಜೂನ್ ಕೊನೆಯಲ್ಲಿ ಬಂದ ಐದನೆಯ ಚಿತ್ರಕ್ಕೆ ತಗುಲಿದ್ದು 30 ಕೋಟಿ ಡಾಲರಿಗೆ ಸಮೀಪದ ಮೊತ್ತ. ಅದು ತಂದದ್ದು 38 ಕೋಟಿ ಚಿಲ್ಲರೆ. ಚಿತ್ರಮಂದಿರಗಳ ಗಳಿಕೆಯಲ್ಲಿ ಸರಿಸುಮಾರು ಅರ್ಧ ಪ್ರದರ್ಶಕರ ಪಾಲಾಗುತ್ತದೆ, ಪ್ರಚಾರದ ಖರ್ಚು ಬೇರೆಯೇ ಇರುತ್ತದೆ ಎಂಬ ಸಾಮಾನ್ಯ ವ್ಯಾಪಾರ ಸೂತ್ರವನ್ನು ಹಿಡಿದರೆ, ಎರಡನೆಯ ಲೆಕ್ಕ ನಷ್ಟದ್ದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎರಡೂ ಚಿತ್ರಗಳಲ್ಲಿ ನಾಯಕ ಒಬ್ಬನೇ, ನಟನೂ ಒಬ್ಬನೇ. ಅದೇ ಟೋಪಿ, ಅದೇ ಚಾವಟಿ, ಜಾನ್ ವಿಲಿಯಮ್ಸ್ ಅವರ ಅದೇ ಸಂಗೀತ. ವಿಚಿತ್ರವೆಂದರೆ, ಅಭಿಮಾನಿಗಳು ಹೆಚ್ಚು ಮುನಿಸಿಕೊಂಡದ್ದು ಹಣ ಗಳಿಸಿದ ಚಿತ್ರದ ಮೇಲೆ. ಎರಡನೆಯದರ ಮೇಲೆ ಅಂಥ ಮುನಿಸೇನೂ ಇರಲಿಲ್ಲ. ಬಹಳಷ್ಟು ಮಂದಿ ಅದನ್ನು ನೋಡಲೇ ಹೋಗಲಿಲ್ಲ. ಬೈದವರು ಟಿಕೆಟ್ ಕೊಂಡಿದ್ದರು, ಬೈಯದವರು ಮನೆಯಲ್ಲೇ ಉಳಿದರು.

ಜನಪ್ರಿಯ ಸಾಹಸ ಸರಣಿಯೊಂದನ್ನು ದೀರ್ಘ ವಿರಾಮದ ನಂತರ ಮತ್ತೆ ಎಬ್ಬಿಸುವ ಉದ್ಯಮ ಈಗ ಹಾಲಿವುಡ್‌ನ ಮುಖ್ಯ ಕಸುಬುಗಳಲ್ಲಿ ಒಂದಾಗಿದೆ. ಹೊಸ ಕಥೆಗೆ ಹಣ ಹೂಡಲು ಹಿಂಜರಿಯುವ ಸಂಸ್ಥೆಗಳು ಹಳೆಯ ಹೆಸರಿನ ಮೇಲೆ ಅದರ ಹತ್ತು ಪಟ್ಟು ಸುರಿಯಲು ಸಿದ್ಧವಿವೆ. ಆ ಹೆಸರಿನ ಬೆಲೆ ನಿಜವಾಗಿ ಎಷ್ಟು, ಅದನ್ನು ಎಷ್ಟು ಬಾರಿ ನಗದು ಮಾಡಿಕೊಳ್ಳಬಹುದು ಎಂಬ ಪ್ರಶ್ನೆಗೆ ಇಂಡಿಯಾನಾ ಜೋನ್ಸ್‌ನ ಎರಡು ಮರುಪ್ರವೇಶಗಳು ಉತ್ತರ ಕೊಡುತ್ತವೆ.

ಮೊದಲ ಚಿತ್ರವೇ ಒಂದು ಪುನರುಜ್ಜೀವನ

ಹಾಗೆ ನೋಡಿದರೆ, ಈ ಸರಣಿಯ ಹುಟ್ಟೇ ಹಳೆಯದನ್ನು ಮರಳಿ ತರುವ ಆಸೆಯಿಂದ ಆದದ್ದು. 1977ರಲ್ಲಿ 'ಸ್ಟಾರ್ ವಾರ್ಸ್' ಬಿಡುಗಡೆಯ ವೇಳೆ ಅದರ ಫಲಿತಾಂಶದ ಆತಂಕದಿಂದ ದೂರವಿರಲೆಂದು ಜಾರ್ಜ್ ಲ್ಯೂಕಾಸ್ ಹವಾಯಿ ದ್ವೀಪಕ್ಕೆ ಹೋಗಿದ್ದರು. ಅಲ್ಲಿನ ಕಡಲ ತೀರದಲ್ಲಿ ಗೆಳೆಯ ಸ್ಟೀವನ್ ಸ್ಪೀಲ್‌ಬರ್ಗ್ ಜತೆ ಮಾತನಾಡುವಾಗ, ನಿಧಿ ಹುಡುಕುವ ಪುರಾತತ್ವಜ್ಞನೊಬ್ಬನ ಕಥೆ ಮೊದಲ ಬಾರಿ ಪ್ರಸ್ತಾಪಕ್ಕೆ ಬಂತು. 1930-40ರ ದಶಕಗಳಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ವಾರಕ್ಕೊಂದು ಕಂತಿನಂತೆ ತೋರಿಸುತ್ತಿದ್ದ ಅಗ್ಗದ ಸಾಹಸ ಧಾರಾವಾಹಿಗಳು ಲ್ಯೂಕಾಸ್ ಅವರಿಗೆ ಪ್ರೇರಣೆ. ನಾಯಕನ ಹೆಸರು ಬಂದದ್ದು ಅವರ ಮನೆಯ ನಾಯಿಯಿಂದ. ಮೊದಲು 'ಇಂಡಿಯಾನಾ ಸ್ಮಿತ್' ಎಂದಿದ್ದದ್ದು ಬಳಿಕ 'ಜೋನ್ಸ್' ಆಯಿತು. ನಾಯಕನ ಪಾತ್ರಕ್ಕೆ ಮೊದಲು ಆಯ್ಕೆಯಾದ ಟಾಮ್ ಸೆಲೆಕ್ ಟೆಲಿವಿಷನ್ ಒಪ್ಪಂದದಿಂದಾಗಿ ಬರಲಾಗದೆ, ಪಾತ್ರ ಹ್ಯಾರಿಸನ್ ಫೋರ್ಡ್ ಅವರಿಗೆ ದಕ್ಕಿತು.

1981ರ ಜೂನ್‌ನಲ್ಲಿ ತೆರೆಕಂಡ 'ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್' ಸುಮಾರು ಎರಡು ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ, ಆ ವರ್ಷದ ಅತ್ಯಧಿಕ ಗಳಿಕೆಯ ಚಿತ್ರವಾಯಿತು. ಶ್ರೇಷ್ಠ ಚಿತ್ರ ವಿಭಾಗವೂ ಸೇರಿದಂತೆ ಆಸ್ಕರ್‌ಗೆ ನಾಮಕರಣಗೊಂಡಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಲ್ಯೂಕಾಸ್ ಮತ್ತು ಸ್ಪೀಲ್‌ಬರ್ಗ್ ನಲವತ್ತು ವರ್ಷ ಹಿಂದಿನ ಯಾವುದೇ ಧಾರಾವಾಹಿಯ ಹಕ್ಕು ಕೊಳ್ಳಲಿಲ್ಲ, ಹಳೆಯ ನಾಯಕನನ್ನು ಕರೆತರಲಿಲ್ಲ, ಆ ಕಾಲದ ನಟರನ್ನು ಹುಡುಕಿಕೊಂಡು ಹೋಗಲಿಲ್ಲ. ಬಾಲ್ಯದಲ್ಲಿ ತಮಗೆ ದೊರೆತ ರೋಮಾಂಚನವನ್ನಷ್ಟೇ ಎತ್ತಿಕೊಂಡು ಅದಕ್ಕೆ ಹೊಸ ಮೈ ಕೊಟ್ಟರು. ಹಳೆಯ ಧಾರಾವಾಹಿಗಳ ಹೆಸರನ್ನೇ ಕೇಳದ ಹದಿಹರೆಯದ ಪ್ರೇಕ್ಷಕನಿಗೂ ಚಿತ್ರ ಪೂರ್ತಿಯಾಗಿ ದಕ್ಕಿತು. ಮುಂದೆ ಇದೇ ಸರಣಿಯನ್ನು ಮತ್ತೆ ಎಬ್ಬಿಸುವಾಗ ಮರೆತುಹೋದ ಪಾಠವೂ ಇದೇ.

ನೆನಪು ಬಿಟ್ಟುಬಿಡುವ ಭಾಗ

ಸರಣಿಯ ಬಗ್ಗೆ ಹಂಬಲಿಸುವಾಗ ಭಾರತೀಯ ಪ್ರೇಕ್ಷಕ ಮರೆಯಲಾಗದ ಅಧ್ಯಾಯವೊಂದಿದೆ. 1984ರಲ್ಲಿ ಬಂದ ಎರಡನೆಯ ಚಿತ್ರ 'ಟೆಂಪಲ್ ಆಫ್ ಡೂಮ್' ಕಥೆ ನಡೆಯುವುದು 1935ರ ಭಾರತದಲ್ಲಿ. ರಾಜಸ್ತಾನದ ಅಂಬರ್ ಕೋಟೆಯಲ್ಲಿ ಚಿತ್ರೀಕರಣ ನಡೆಸುವ ಉದ್ದೇಶ ಚಿತ್ರತಂಡಕ್ಕಿತ್ತು. ಚಿತ್ರಕಥೆಯನ್ನು ನೋಡಿದ ಭಾರತ ಸರ್ಕಾರ ಬದಲಾವಣೆಗಳನ್ನು ಬಯಸಿತು. ಒಪ್ಪಂದವಾಗದೆ ತಂಡ ಶ್ರೀಲಂಕಾದ ಕ್ಯಾಂಡಿಗೆ ತೆರಳಿತು. ಭಾರತದ್ದೆಂದು ತೋರಿಸಲಾದ ಹಳ್ಳಿಯ ಜನ ಚಿತ್ರದಲ್ಲಿ ಆಡುವುದು ಸಿಂಹಳ ಭಾಷೆಯನ್ನು.

ಕಾಳಿಯ ಆರಾಧನೆಯನ್ನು ನರಬಲಿಯ ಭೀಕರ ಪಂಥವಾಗಿ, ಅರಮನೆಯ ಔತಣವನ್ನು ಕೋತಿಯ ಮಿದುಳು ತಿನ್ನುವ ಅಸಹ್ಯವಾಗಿ ಚಿತ್ರಿಸಿದ ಈ ಸಿನಿಮಾ ಭಾರತದಲ್ಲಿ ಕೆಲಕಾಲ ನಿಷೇಧಕ್ಕೂ ಒಳಗಾಯಿತು. ಅದರ ಖಳನಾಯಕ ಮೋಲಾ ರಾಮ್ ಪಾತ್ರದಲ್ಲಿ ನಟಿಸಿದವರು ಅಮರೀಶ್ ಪುರಿ. ಕನ್ನಡ ಪ್ರೇಕ್ಷಕರ ಪಾಲಿಗೆ ಅವರು ಅದಕ್ಕೂ ಹತ್ತು ವರ್ಷ ಮೊದಲೇ ಗಿರೀಶ ಕಾರ್ನಾಡರ 'ಕಾಡು' (1973) ಚಿತ್ರದಲ್ಲಿ ಕಂಡಿದ್ದ ಗಂಭೀರ ನಟ. ಹಳ್ಳಿಯ ಹಗೆತನದ ಸೂಕ್ಷ್ಮಗಳನ್ನು ಅಭಿನಯಿಸಿದ್ದ ಅದೇ ನಟ ಹಾಲಿವುಡ್‌ನ ತೆರೆಯ ಮೇಲೆ ಜೀವಂತ ಹೃದಯ ಕೀಳುವ ಮಾಂತ್ರಿಕನಾದರು. ಅಮೆರಿಕದಲ್ಲಿಯೂ ಚಿತ್ರದ ಕ್ರೌರ್ಯ ಪೋಷಕರನ್ನು ಕೆರಳಿಸಿತು. ಹದಿಮೂರು ವರ್ಷದೊಳಗಿನ ಮಕ್ಕಳ ಪೋಷಕರಿಗೆ ಬಲವಾದ ಎಚ್ಚರಿಕೆ ನೀಡುವ 'ಪಿಜಿ-13' ಎಂಬ ಹೊಸ ವರ್ಗೀಕರಣ 1984ರ ಜುಲೈನಲ್ಲಿ ಜಾರಿಗೆ ಬರಲು ಈ ಚಿತ್ರ ಮತ್ತು 'ಗ್ರೆಮ್ಲಿನ್ಸ್' ಕಾರಣವಾದವು.

ಹಳೆಯ ಸರಣಿಗೆ ಮರುಜೀವ ಕೊಡುವವರು ಎದುರಿಸುವ ತೊಡಕು ಇಲ್ಲಿದೆ. ನೆನಪು ಚಾವಟಿ, ಟೋಪಿ, ಗಣಿಯ ಬಂಡಿಗಳ ಓಟವನ್ನು ಉಳಿಸಿಕೊಂಡು ಉಳಿದದ್ದನ್ನು ಕೈಬಿಡುತ್ತದೆ. ಆದರೆ ಸರಣಿ ಮರಳಿದಾಗ ಕೈಬಿಟ್ಟದ್ದೂ ಜತೆಯಲ್ಲೇ ಮರಳುತ್ತದೆ. ಪರದೇಶಗಳ ಪವಿತ್ರ ವಸ್ತುಗಳನ್ನು ಬಿಳಿಯ ವಿದ್ವಾಂಸನೊಬ್ಬ ವಸ್ತುಸಂಗ್ರಹಾಲಯಕ್ಕೆ ಹೊತ್ತೊಯ್ಯುವುದು 1981ರಲ್ಲಿ ವೀರಗಾಥೆಯಾಗಿತ್ತು. ಕಳವಾದ ವಿಗ್ರಹಗಳನ್ನು ಮರಳಿಸಿ ಎಂದು ಭಾರತವೂ ಸೇರಿದಂತೆ ಅನೇಕ ರಾಷ್ಟ್ರಗಳು ಕೇಳುತ್ತಿರುವ, ಪಾಶ್ಚಾತ್ಯ ವಸ್ತುಸಂಗ್ರಹಾಲಯಗಳು ಕೆಲವನ್ನು ಮರಳಿಸುತ್ತಿರುವ ಈ ಕಾಲದಲ್ಲಿ ಅದೇ ಕಥೆಗೆ ಬೇರೆ ಅರ್ಥ ಹುಟ್ಟುತ್ತದೆ. ನಾಲ್ಕನೆಯ ಮತ್ತು ಐದನೆಯ ಚಿತ್ರಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸದೆ ಪಕ್ಕಕ್ಕೆ ಸರಿದವು. ಒಂದು ಅನ್ಯಲೋಕದ ಜೀವಿಗಳತ್ತ ಹೊರಳಿತು, ಇನ್ನೊಂದು ಪ್ರಾಚೀನ ಗ್ರೀಕರ ಯಂತ್ರದತ್ತ.

ಹತ್ತೊಂಬತ್ತು ವರ್ಷ ಏಕೆ?

1989ರ 'ಲಾಸ್ಟ್ ಕ್ರುಸೇಡ್' ಚಿತ್ರ ಶಾನ್ ಕಾನರಿ ಅವರನ್ನು ನಾಯಕನ ತಂದೆಯಾಗಿ ಕರೆತಂದಿತು. ಜೋರ್ಡಾನ್‌ನ ಪೆಟ್ರಾದಲ್ಲಿ ಕಥೆಯನ್ನು ಮುಗಿಸಿ, ನಾಯಕ ಸಂಗಡಿಗರೊಡನೆ ಕುದುರೆಯೇರಿ ಮುಳುಗುವ ಸೂರ್ಯನತ್ತ ಸಾಗುವ ದೃಶ್ಯದೊಂದಿಗೆ ತೆರೆ ಎಳೆಯಿತು. ಅದಕ್ಕಿಂತ ಸ್ಪಷ್ಟವಾದ ಮುಕ್ತಾಯ ಇರಲಾರದು. 1992ರಲ್ಲಿ ನಾಯಕನ ಬಾಲ್ಯ-ಯೌವನಗಳ ಕುರಿತ ಟೆಲಿವಿಷನ್ ಸರಣಿ ಬಂತಾದರೂ ಸಿನಿಮಾ ಮಾತ್ರ ಬರಲಿಲ್ಲ.

ವಿಳಂಬಕ್ಕೆ ಕಾರಣ ಸರಳ. ಲ್ಯೂಕಾಸ್, ಸ್ಪೀಲ್‌ಬರ್ಗ್, ಫೋರ್ಡ್ ಮೂವರೂ ಒಪ್ಪಬೇಕಿತ್ತು. ಲ್ಯೂಕಾಸ್ ಅವರಿಗೆ 1950ರ ದಶಕದ ಹಾರುವ ತಟ್ಟೆಗಳ ಅಗ್ಗದ ಚಿತ್ರಗಳ ಜಾಡು ಹಿಡಿಯುವ ಹಂಬಲ. ಸ್ಪೀಲ್‌ಬರ್ಗ್ ಅವರಿಗೆ ಅದರಲ್ಲಿ ಅಷ್ಟು ಉತ್ಸಾಹವಿರಲಿಲ್ಲ. ಫ್ರಾಂಕ್ ಡಾರಾಬಾಂಟ್ ಬರೆದ ಚಿತ್ರಕಥೆ ಸ್ಪೀಲ್‌ಬರ್ಗ್ ಅವರಿಗೆ ಹಿಡಿಸಿತಾದರೂ ಲ್ಯೂಕಾಸ್ ಒಪ್ಪಲಿಲ್ಲ. ಕೊನೆಗೆ ಡೇವಿಡ್ ಕೆಪ್ ಬರೆದ ಪ್ರತಿ ಚಿತ್ರೀಕರಣಕ್ಕೆ ಹೋಯಿತು. 'ಕಿಂಗ್‌ಡಮ್ ಆಫ್ ದಿ ಕ್ರಿಸ್ಟಲ್ ಸ್ಕಲ್' ಕಾನ್ ಚಿತ್ರೋತ್ಸವದಲ್ಲಿ ತೆರೆಕಂಡು, 2008ರ ಮೇ 22ರಂದು ಬಿಡುಗಡೆಯಾಯಿತು. ಫೋರ್ಡ್ ಅವರಿಗೆ ಆಗ ಅರವತ್ತೈದು ವರ್ಷ.

ಕಥೆಯ ಕಾಲ 1957. ನಾಜಿಗಳ ಜಾಗಕ್ಕೆ ಸೋವಿಯತ್ ಸೈನಿಕರು ಬಂದಿದ್ದರು. ಮೊದಲ ಚಿತ್ರದ ನಾಯಕಿ ಮೇರಿಯನ್ ಪಾತ್ರದಲ್ಲಿ ಕ್ಯಾರೆನ್ ಅಲೆನ್ ಮರಳಿದರು. ನಾಯಕನ ಮಗನಾಗಿ ಶಾಯಾ ಲಬಾಫ್ ಬಂದರು. ಅಣುಬಾಂಬ್ ಸ್ಫೋಟದಿಂದ ಪಾರಾಗಲು ನಾಯಕ ರೆಫ್ರಿಜರೇಟರಿನೊಳಗೆ ಅಡಗುವ ದೃಶ್ಯ ನಗೆಪಾಟಲಿಗೀಡಾಗಿ, ಸರಣಿಯೊಂದು ವಿಶ್ವಾಸಾರ್ಹತೆ ಕಳೆದುಕೊಳ್ಳುವ ಕ್ಷಣವನ್ನು ಸೂಚಿಸುವ ನುಡಿಗಟ್ಟೇ ಇಂಗ್ಲಿಷ್‌ನಲ್ಲಿ ಅದರಿಂದ ಹುಟ್ಟಿಕೊಂಡಿತು. ವಿಮರ್ಶಕರು ಬಹುಮಟ್ಟಿಗೆ ಉದಾರವಾಗಿದ್ದರೂ ಅಭಿಮಾನಿಗಳು ಉದಾರವಾಗಿರಲಿಲ್ಲ. ಆದರೂ ವಿಶ್ವದ ಗಳಿಕೆಯ ಪಟ್ಟಿಯಲ್ಲಿ ಆ ವರ್ಷ 'ದಿ ಡಾರ್ಕ್ ನೈಟ್' ನಂತರದ ಸ್ಥಾನ ಇದಕ್ಕೇ ಸಿಕ್ಕಿತು.

ಹತ್ತೊಂಬತ್ತು ವರ್ಷಗಳ ಕಾಯುವಿಕೆ ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ ಬೆಳೆದಿತ್ತು. ಬಾಲ್ಯದಲ್ಲಿ ಮೊದಲ ಮೂರು ಚಿತ್ರಗಳನ್ನು ಕಂಡವರು 2008ರ ಹೊತ್ತಿಗೆ ಮೂವತ್ತು-ನಲವತ್ತರ ಆಸುಪಾಸಿನಲ್ಲಿದ್ದರು. ಅವರ ಕೈಯಲ್ಲಿ ಹಣವಿತ್ತು, ಮನೆಯಲ್ಲಿ ಚಿತ್ರಮಂದಿರಕ್ಕೆ ಕರೆದೊಯ್ಯಬಹುದಾದ ಮಕ್ಕಳಿದ್ದರು. ಚಿತ್ರ ಹೇಗಿದೆ ಎಂದು ವಿಚಾರಿಸುವ ಮುನ್ನವೇ ಅವರು ಟಿಕೆಟ್ ಕೊಂಡರು. ಗಳಿಕೆಯ ದೊಡ್ಡ ಪಾಲು ಹಳೆಯ ಮೂರು ಚಿತ್ರಗಳು ಕೂಡಿಟ್ಟಿದ್ದ ವಿಶ್ವಾಸಕ್ಕೆ ಸಂದ ಹಣ. ಆ ಠೇವಣಿ ಒಮ್ಮೆಗೇ ಖರ್ಚಾಗಿಹೋಯಿತು.

ಎರಡನೆಯ ಬಾರಿ ಬಾಗಿಲು ತಟ್ಟಿದಾಗ

2012ರ ಅಕ್ಟೋಬರ್‌ನಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಾಸ್ ಅವರ ಕಂಪನಿಯನ್ನು ಸುಮಾರು 405 ಕೋಟಿ ಡಾಲರಿಗೆ ಖರೀದಿಸಿತು. ಮರುವರ್ಷ ಮುಂದಿನ ಇಂಡಿಯಾನಾ ಜೋನ್ಸ್ ಚಿತ್ರಗಳ ವಿತರಣೆ ಹಕ್ಕನ್ನೂ ಪ್ಯಾರಾಮೌಂಟ್‌ನಿಂದ ಪಡೆಯಿತು. ಮೊದಲ ಬಾರಿಗೆ ಸರಣಿಯ ಭವಿಷ್ಯ ಸೃಷ್ಟಿಕರ್ತರ ಕೈಯಿಂದ ಮಾಲೀಕ ಸಂಸ್ಥೆಯ ಕೈಗೆ ಸಂಪೂರ್ಣವಾಗಿ ಹಸ್ತಾಂತರಗೊಂಡಿತು. ಐದನೆಯ ಚಿತ್ರ 2019ರಲ್ಲಿ ಬರುವುದೆಂದು 2016ರಲ್ಲೇ ಘೋಷಣೆಯಾಯಿತು. ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2020ರಲ್ಲಿ ಸ್ಪೀಲ್‌ಬರ್ಗ್ ನಿರ್ದೇಶನದಿಂದ ಹಿಂದೆ ಸರಿದರು. ಜೇಮ್ಸ್ ಮ್ಯಾನ್‌ಗೋಲ್ಡ್ ಬಂದರು. ಕೋವಿಡ್ ಅಡ್ಡ ಬಂತು. 2021ರಲ್ಲಿ ಚಿತ್ರೀಕರಣ ಆರಂಭವಾದ ಕೆಲವೇ ದಿನಗಳಲ್ಲಿ ಫೋರ್ಡ್ ಭುಜಕ್ಕೆ ಪೆಟ್ಟಾಯಿತು. ಇಂಥ ಪ್ರತಿ ವಿಳಂಬವೂ ವೆಚ್ಚವನ್ನು ಏರಿಸುವಂಥದ್ದೇ.

'ಡಯಲ್ ಆಫ್ ಡೆಸ್ಟಿನಿ' 2023ರಲ್ಲಿ ಬಂದಾಗ ನಾಯಕ ನಟನಿಗೆ ಎಂಬತ್ತು ವರ್ಷ. 1944ರಲ್ಲಿ ನಡೆಯುವ ಆರಂಭಿಕ ಭಾಗಕ್ಕಾಗಿ ಅವರ ಮುಖವನ್ನು ಕಂಪ್ಯೂಟರ್ ತಂತ್ರದಿಂದ ಯೌವನಕ್ಕೆ ತರಲಾಯಿತು. ತಂತ್ರ ಅಚ್ಚರಿ ಹುಟ್ಟಿಸುವಷ್ಟು ಚೊಕ್ಕವಾಗಿತ್ತು. ಆದರೆ ಪ್ರೇಕ್ಷಕನ ಕಣ್ಣು ಕಥೆಯನ್ನು ಬಿಟ್ಟು ಮುಖದ ಮೇಲಿನ ಕೈಚಳಕವನ್ನು ಹುಡುಕತೊಡಗಿತು. ಮೂವತ್ತೆಂಟರ ಫೋರ್ಡ್ 1981ರಲ್ಲಿ ಲಾರಿಯ ಕೆಳಗೆ ಮಣ್ಣಿನಲ್ಲಿ ಎಳೆಸಿಕೊಂಡು ಹೋಗುವ ದೃಶ್ಯದಲ್ಲಿ ಪ್ರೇಕ್ಷಕನಿಗೆ ನೋವು ತಟ್ಟುತ್ತಿತ್ತು. ಆ ಸಾಹಸವನ್ನು ನಿಜವಾದ ಮನುಷ್ಯರು, ನಿಜವಾದ ಲಾರಿಯೊಂದಿಗೆ ಮಾಡಿದ್ದರು. ನಾಯಕ ಪೆಟ್ಟು ತಿನ್ನುತ್ತಾನೆ, ಬೆವರುತ್ತಾನೆ, ಹಾವಿಗೆ ಹೆದರುತ್ತಾನೆ ಎಂಬುದೇ ಸರಣಿಯ ಬಂಡವಾಳವಾಗಿತ್ತು. ಕಂಪ್ಯೂಟರಿನಲ್ಲಿ ಹುಟ್ಟಿದ ಮುಖಕ್ಕೆ ಪೆಟ್ಟು ಬಿದ್ದರೆ ಆ ಆತಂಕ ಹುಟ್ಟುವುದು ಕಷ್ಟ.

ಚಿತ್ರದ ಉಳಿದ ಭಾಗ ವೃದ್ಧಾಪ್ಯವನ್ನು ಮರೆಮಾಚಲಿಲ್ಲ ಎಂಬುದು ಅದರ ಹೆಗ್ಗಳಿಕೆ. 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಸಂಭ್ರಮದ ನಡುವೆ, ನಿವೃತ್ತಿಯಾಗುತ್ತಿರುವ ಒಂಟಿ ಪ್ರಾಧ್ಯಾಪಕನಾಗಿ ಜೋನ್ಸ್ ಕಾಣಿಸಿಕೊಳ್ಳುತ್ತಾನೆ. 2008ರಲ್ಲಿ ಉತ್ತರಾಧಿಕಾರಿಯಂತೆ ಪರಿಚಯಿಸಲಾಗಿದ್ದ ಮಗ ವಿಯೆಟ್ನಾಂ ಯುದ್ಧದಲ್ಲಿ ಸತ್ತಿರುತ್ತಾನೆ. ಪಾತ್ರವಾಗಿ ಇದು ಗಾಢವಾದ ಚಿತ್ರಣ. ಆದರೆ ರಜೆಯ ದಿನ ಮಕ್ಕಳೊಡನೆ ಸಾಹಸ ಚಿತ್ರ ನೋಡಲು ಹೊರಟ ಕುಟುಂಬಕ್ಕೆ ಇದು ಆಹ್ವಾನದಂತೆ ಕಾಣಲಿಲ್ಲ. ಹಳೆಯ ಅಭಿಮಾನಿಗಳು ಐವತ್ತು ದಾಟಿ ಚಿತ್ರಮಂದಿರಕ್ಕೆ ಹೋಗುವುದನ್ನೇ ಕಡಿಮೆ ಮಾಡಿದ್ದರು. ಅವರ ಮಕ್ಕಳು ಬೆಳೆದದ್ದು ಬೇರೆ ನಾಯಕರೊಂದಿಗೆ. ನಾಲ್ಕನೆಯ ಜೋನ್ಸ್ ಚಿತ್ರ ಬಂದ 2008ರ ಅದೇ ಮೇ ತಿಂಗಳಲ್ಲಿ 'ಐರನ್ ಮ್ಯಾನ್' ಕೂಡ ತೆರೆಕಂಡಿತ್ತು. ಮುಂದಿನ ಹದಿನೈದು ವರ್ಷಗಳ ಸಾಹಸ ಚಿತ್ರಗಳ ದಿಕ್ಕನ್ನು ಅದು ನಿರ್ಧರಿಸಿತು.

ಜನ ಚಿತ್ರಮಂದಿರವನ್ನೇ ತೊರೆದರು ಎಂಬ ಸಮಜಾಯಿಷಿಯೂ ನಿಲ್ಲುವುದಿಲ್ಲ. ಮೂರೇ ವಾರಗಳ ನಂತರ ಒಂದೇ ದಿನ ತೆರೆಕಂಡ 'ಬಾರ್ಬಿ' ಮತ್ತು 'ಆಪನ್‌ಹೈಮರ್' ಚಿತ್ರಗಳಿಗೆ ಜನ ಮುಗಿಬಿದ್ದರು. ಅವುಗಳಲ್ಲಿ ಒಂದು ಮೂರು ಗಂಟೆಗಳ, ವಿಜ್ಞಾನಿಯೊಬ್ಬರ ಜೀವನಚರಿತ್ರೆ!

ಮೊದಲ ಮರಳಿಕೆಯೇ ದೊಡ್ಡದು

ಇಂಡಿಯಾನಾ ಜೋನ್ಸ್ ಒಂಟಿ ಉದಾಹರಣೆಯೆಂದು ತಳ್ಳಿಹಾಕಲು ಅಂಕಿಗಳು ಬಿಡುವುದಿಲ್ಲ. ಹತ್ತು ವರ್ಷಗಳ ವಿರಾಮದ ನಂತರ 2015ರಲ್ಲಿ ಮರಳಿದ 'ಸ್ಟಾರ್ ವಾರ್ಸ್' ಮೂಲ ನಾಯಕರ ಕಥೆಯನ್ನು ಮೂವತ್ತೆರಡು ವರ್ಷಗಳ ಬಳಿಕ ಮುಂದುವರಿಸಿ ಸುಮಾರು 207 ಕೋಟಿ ಡಾಲರ್ ಗಳಿಸಿತು. ಅದರ ಮುಂದಿನ ಕಂತು ಸುಮಾರು 133 ಕೋಟಿಗೆ, ಮೂರನೆಯದು 107 ಕೋಟಿಗೆ ಇಳಿಯಿತು. ಹದಿನಾಲ್ಕು ವರ್ಷಗಳ ನಂತರ ಬಂದ 'ಜುರಾಸಿಕ್ ವರ್ಲ್ಡ್' (2015) ಸುಮಾರು 167 ಕೋಟಿ ತಂದರೆ, ಮುಂದಿನವು ಕ್ರಮವಾಗಿ ಸುಮಾರು 131 ಹಾಗೂ 100 ಕೋಟಿ ತಂದವು. ಮೂವತ್ತು ವರ್ಷ ಮಲಗಿದ್ದ 'ಮ್ಯಾಡ್ ಮ್ಯಾಕ್ಸ್' 2015ರಲ್ಲಿ ಎದ್ದು ಆರು ಆಸ್ಕರ್ ಗೆದ್ದಿತು. ಅದೇ ಜಗತ್ತಿನ ಮುಂದಿನ ಚಿತ್ರ 'ಫ್ಯುರಿಯೋಸಾ' 2024ರಲ್ಲಿ ಹಿಂದಿನದರ ಅರ್ಧದಷ್ಟೂ ಗಳಿಸಲಿಲ್ಲ. ಇಪ್ಪತ್ತೆರಡು ವರ್ಷಗಳ ಬಳಿಕ 2017ರಲ್ಲಿ ಹೊಸ ನಟರೊಡನೆ ಬಂದ 'ಜುಮಾಂಜಿ' ಕೂಡ 96 ಕೋಟಿಯಿಂದ ಮುಂದಿನ ಕಂತಿನಲ್ಲಿ 80 ಕೋಟಿಗೆ ಬಂತು.

ಇವೆಲ್ಲವೂ ಸೋಲುಗಳಲ್ಲ, ಹಲವು ಭರ್ಜರಿ ಲಾಭದ ಚಿತ್ರಗಳೇ. ಆದರೆ ದಿಕ್ಕು ಎಲ್ಲೆಡೆಯೂ ಒಂದೇ. ಮೊದಲ ಮರಳಿಕೆಗೆ ಕುತೂಹಲ ಟಿಕೆಟ್ ಮಾರಿಕೊಡುತ್ತದೆ. ಎರಡನೆಯದಕ್ಕೆ ಕಥೆಯೇ ಮಾರಬೇಕು. ಮಾಲೀಕ ಸಂಸ್ಥೆಗಳು ಮಾತ್ರ ಮೊದಲ ಮರಳಿಕೆಯ ಗಳಿಕೆಯನ್ನು ಕಾಯಂ ಆದಾಯವೆಂದು ಭಾವಿಸಿ, ಅದಕ್ಕೆ ತಕ್ಕಂತೆ ಮುಂದಿನ ಚಿತ್ರದ ವೆಚ್ಚವನ್ನು ನಿಗದಿ ಮಾಡುತ್ತವೆ. ತಪ್ಪು ನಡೆಯುವುದು ಅಲ್ಲಿಯೇ. 1981ರ ಎರಡು ಕೋಟಿ ಡಾಲರ್ ಹಣದುಬ್ಬರದ ಲೆಕ್ಕದಲ್ಲಿ 2023ಕ್ಕೆ ಏಳು ಕೋಟಿಗಿಂತ ಹೆಚ್ಚಾಗದು. ಐದನೆಯ ಚಿತ್ರಕ್ಕೆ ಸುರಿದದ್ದು ಅದರ ನಾಲ್ಕು ಪಟ್ಟಿಗೂ ಅಧಿಕ. ಹತ್ತು ಕೋಟಿಯಲ್ಲಿ ಮುಗಿದಿದ್ದರೆ, ಅದೇ 38 ಕೋಟಿ ಗಳಿಕೆ ಗೌರವಯುತ ಯಶಸ್ಸೆನಿಸುತ್ತಿತ್ತು.

ದಿಕ್ಕಿಗೆ ವಿರುದ್ಧವಾಗಿ ನಿಂತ ಚಿತ್ರವೆಂದು 'ಟಾಪ್ ಗನ್: ಮ್ಯಾವರಿಕ್' ಅನ್ನು ತೋರಿಸುವವರಿದ್ದಾರೆ. ಮೂವತ್ತಾರು ವರ್ಷಗಳ ಬಳಿಕ 2022ರಲ್ಲಿ ಬಂದ ಅದು ಸುಮಾರು 149 ಕೋಟಿ ಡಾಲರ್ ಗಳಿಸಿತು. ಆದರೆ ಅದು ಕೂಡ ಮೊದಲ ಮರಳಿಕೆಯೇ. ಅದರ ಗೆಲುವಿಗೆ ಇನ್ನೂ ಎರಡು ಕಾರಣಗಳಿದ್ದವು. ನಟರನ್ನು ನಿಜವಾದ ಯುದ್ಧವಿಮಾನಗಳಲ್ಲಿ ಕೂರಿಸಿ ಚಿತ್ರೀಕರಿಸಿದ್ದರಿಂದ ಮೈಮೇಲಿನ ಒತ್ತಡ ತೆರೆಯ ಮೇಲೆ ಕಂಡಿತು. ಹಳೆಯ ಚಿತ್ರ ನೋಡದ ಹುಡುಗನಿಗೂ ಕಥೆ ಅರ್ಥವಾಗುವಂತಿತ್ತು. ವಯಸ್ಸಾದ ಪೈಲಟ್ ಕಿರಿಯರಿಗೆ ವಿದ್ಯೆ ಕಲಿಸುವುದೇ ಕಥೆಯಾದ್ದರಿಂದ ನಟನ ವಯಸ್ಸು ಕಥೆಗೆ ಭಾರವಾಗಲಿಲ್ಲ. ಇತ್ತ ಹದಿನೆಂಟು ವರ್ಷಗಳ ನಂತರ 2021ರಲ್ಲಿ ಬಂದ 'ಮ್ಯಾಟ್ರಿಕ್ಸ್' ಸರಣಿಯ ಚಿತ್ರ ಹಳೆಯ ಚಿತ್ರಗಳ ಬಗೆಗಿನ ಮಾತಿನಲ್ಲೇ ಮುಳುಗಿ, ಅಮೆರಿಕದಲ್ಲಿ ಅದೇ ದಿನ ಮನೆಯ ತೆರೆಗೂ ಬಂದು, ಸುಮಾರು 16 ಕೋಟಿಗೆ ನಿಂತಿತು.

ಜೇಮ್ಸ್ ಬಾಂಡ್ ಸರಣಿಯ ದಾರಿಯೇ ಬೇರೆ. 1962ರಿಂದ ಅದು ನಟರನ್ನು ಬದಲಿಸುತ್ತಲೇ ಬಂದಿದೆ. ಪಾತ್ರ ನಟನಿಗಿಂತ ದೊಡ್ಡದೆಂದು ಪ್ರೇಕ್ಷಕರಿಗೆ ಆರಂಭದಲ್ಲೇ ಅಭ್ಯಾಸ ಮಾಡಿಸಿದ್ದರಿಂದ ಆ ಬದಲಾವಣೆ ನಡೆಯುತ್ತದೆ. ಇಂಡಿಯಾನಾ ಜೋನ್ಸ್ ವಿಷಯದಲ್ಲಿ ಆ ಕಾಲ ಮೀರಿದೆ. ನಲವತ್ತೆರಡು ವರ್ಷ ಒಂದೇ ಮುಖವನ್ನು ಪಾತ್ರದೊಂದಿಗೆ ಬೆಸೆದ ಮೇಲೆ ಇನ್ನೊಬ್ಬರಿಗೆ ಟೋಪಿ ತೊಡಿಸುವುದು ಸುಲಭವಲ್ಲ.

ನಮ್ಮಲ್ಲಿಯೂ ಒಬ್ಬ 999

ಈ ಸಮಸ್ಯೆ ಕನ್ನಡಿಗರಿಗೆ ಪೂರ್ಣ ಅಪರಿಚಿತವೇನಲ್ಲ. ದೊರೆ-ಭಗವಾನ್ ಜೋಡಿ ನಿರ್ದೇಶಿಸಿದ 'ಜೇಡರ ಬಲೆ' (1968) ಡಾ. ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ಪರಿಚಯಿಸಿತು. ಬಾಂಡ್ ಮಾದರಿಯ ಪತ್ತೇದಾರಿ ಸಾಹಸವನ್ನು ಕನ್ನಡದ ಜಾಯಮಾನಕ್ಕೆ ಒಗ್ಗಿಸಿದ ಆ ಪಾತ್ರ 'ಗೋವಾದಲ್ಲಿ ಸಿಐಡಿ 999' (1968), 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' (1969) ಚಿತ್ರಗಳಲ್ಲಿ ಮುಂದುವರಿಯಿತು. ನಂತರ ಒಂಬತ್ತು ವರ್ಷ ಮೌನ. 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಮೂಲಕ ಅದೇ ನಿರ್ದೇಶಕರು, ಅದೇ ನಾಯಕ ಮರಳಿದರು. ರಾಜ್ ಅವರಿಗೆ ಆಗ ಐವತ್ತರ ಹತ್ತಿರ. ಕಪ್ಪು-ಬಿಳುಪಿನ ಕಾಲದ ನಾಯಕನನ್ನು ವರ್ಣಚಿತ್ರಕ್ಕೆ ತಂದು, ನೇಪಾಳದಲ್ಲಿ ಚಿತ್ರೀಕರಿಸಿ, ರಾಜ್ ಅವರಿಂದಲೇ ಇಂಗ್ಲಿಷ್ ಹಾಡೊಂದನ್ನು ಹಾಡಿಸಿ, ಕಾಲಕ್ಕೆ ತಕ್ಕ ಹೊಸತನ ಕೊಡಲಾಯಿತು. ಆ ಹಾಡು ದಶಕಗಳ ನಂತರ ಅಂತರ್ಜಾಲದ ಪೀಳಿಗೆಗೂ ಪ್ರಿಯವಾಯಿತು.

ಮುಖ್ಯವಾದ ಸಂಗತಿಯೆಂದರೆ ಅಲ್ಲಿಗೇ ನಿಲ್ಲಿಸಿದ್ದು. ಸರಣಿ ಮತ್ತೊಮ್ಮೆ ಬಾಗಿಲು ತಟ್ಟಲಿಲ್ಲ. ಹಾಗಾಗಿ ಸಿಐಡಿ 999 ಕನ್ನಡಿಗರ ನೆನಪಿನಲ್ಲಿ ಇಂದಿಗೂ ಸುಸ್ತಾಗದೆ ಉಳಿದಿದ್ದಾನೆ.

ಹಳೆಯದನ್ನು ಹೊಸ ಪೀಳಿಗೆಗೆ ದಾಟಿಸಲು ಕನ್ನಡ ಚಿತ್ರರಂಗ ಇನ್ನೊಂದು ಹಾದಿಯನ್ನೂ ತೋರಿಸಿದೆ. ಹಾಲಿವುಡ್ ಇಂಡಿಯಾನಾ ಜೋನ್ಸ್‌ನನ್ನು ಮರಳಿ ಕರೆತಂದ 2008ರಲ್ಲಿಯೇ, 1965ರ 'ಸತ್ಯ ಹರಿಶ್ಚಂದ್ರ' ವರ್ಣದಲ್ಲಿ ಮರುಬಿಡುಗಡೆಯಾಯಿತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ವರ್ಣ ತಳೆಯಿತು. ಬಣ್ಣ ಹಚ್ಚುವುದು ಸರಿಯೇ ಎಂಬ ಚರ್ಚೆ ಪ್ರತ್ಯೇಕ. ಆದರೆ ಮೂಲ ಕೃತಿಯನ್ನೇ ಚಿತ್ರಮಂದಿರಕ್ಕೆ ತಂದಾಗ ನೆನಪಿಗೆ ಪೆಟ್ಟಾಗುವುದಿಲ್ಲ. ತಂದೆ ಮಗನನ್ನು ಕರೆದೊಯ್ದು ತಾನು ಕಂಡದ್ದನ್ನೇ ತೋರಿಸಬಹುದು.

ಉಳಿಯುವುದೇನು?

ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಂದು ಕಾಲಕ್ಕೆ ಇಂಗ್ಲಿಷ್ ಚಿತ್ರಗಳ ತವರಾಗಿದ್ದ ಪ್ಲಾಜಾ ಇಂದಿಲ್ಲ. ಆ ಜಾಗದಲ್ಲಿ ಮೆಟ್ರೊ ನಿಲ್ದಾಣವಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯಲ್ಲಿ ಮುಚ್ಚಿತು. ಅಂಥ ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ಹಾಲಿವುಡ್ ಸಾಹಸ ಕಂಡವರು ಈಗ ಮೊಮ್ಮಕ್ಕಳ ಕೈಹಿಡಿಯುವ ವಯಸ್ಸಿಗೆ ಬಂದಿದ್ದಾರೆ. ಅವರ ಹಂಬಲ ನಾಯಕನೊಬ್ಬನದ್ದಷ್ಟೇ ಅಲ್ಲ. ಆ ಮಂದಿರ, ಆ ಗೆಳೆಯರು, ತಮ್ಮದೇ ಹದಿಹರೆಯ ಎಲ್ಲವೂ ಅದರಲ್ಲಿ ಬೆರೆತಿವೆ. ಯಾವ ಸಂಸ್ಥೆಯೂ 30 ಕೋಟಿ ಡಾಲರ್ ಖರ್ಚು ಮಾಡಿ ಅದನ್ನು ಮರಳಿಸಲಾರದು. ಐದನೆಯ ಚಿತ್ರದ ಕಥೆಯೂ ಕಾಕತಾಳೀಯವಾಗಿ ಇದನ್ನೇ ಹೇಳುತ್ತದೆ. ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ ಸಿಕ್ಕರೂ, ಜೋನ್ಸ್ ಕೊನೆಗೆ ಮರಳಬೇಕಾದದ್ದು ವರ್ತಮಾನಕ್ಕೆ, ತನ್ನ ಮನೆಗೆ.

2024ರ ಡಿಸೆಂಬರ್‌ನಲ್ಲಿ ಬಂದ 'ಗ್ರೇಟ್ ಸರ್ಕಲ್' ಎಂಬ ವಿಡಿಯೋ ಗೇಮ್‌ನಲ್ಲಿ ಇಂಡಿಯಾನಾ ಜೋನ್ಸ್ ಇನ್ನೂ 1937ರಲ್ಲಿಯೇ ಇದ್ದಾನೆ. ಮುಖ ಯುವ ಫೋರ್ಡ್‌ನದು, ದನಿ ಟ್ರಾಯ್ ಬೇಕರ್ ಎಂಬ ಬೇರೊಬ್ಬ ನಟನದು. ಆಡುವವನೇ ಚಾವಟಿ ಬೀಸುವುದರಿಂದ ನಾಯಕನ ವಯಸ್ಸಿನ ಪ್ರಶ್ನೆ ಅಲ್ಲಿ ಏಳುವುದಿಲ್ಲ. ವಿಮರ್ಶಕರು ಅದನ್ನು ಮೆಚ್ಚಿದರು. ಪಾತ್ರದ ಮುಂದಿನ ಬದುಕು ಬೆಳ್ಳಿತೆರೆಯಾಚೆಗೆ ಇರಬಹುದೆಂಬ ಸೂಚನೆ ಇದು.

ಈ ವೃತ್ತಾಂತದಿಂದ ಚಿತ್ರೋದ್ಯಮಕ್ಕೆ, ಹಾಲಿವುಡ್ಡಿಗಾಗಲಿ ಸ್ಯಾಂಡಲ್‌ವುಡ್ಡಿಗಾಗಲಿ, ತಿಳಿಯಬೇಕಾದದ್ದು ಇಷ್ಟು. ಜನಮೆಚ್ಚಿದ ಸರಣಿಯ ನೆನಪು ಬಳಸಿದಷ್ಟೂ ಕರಗುವ ಆಸ್ತಿ. ಒಮ್ಮೆ ಮರಳಿ ಬಂದವನಿಗೆ ಸ್ವಾಗತ ಖಚಿತ. ಎರಡನೆಯ ಬಾರಿಗೆ ಆತ ಹಳೆಯ ಪರಿಚಯದ ಬಲದ ಮೇಲೆ ಬರಲಾಗದು. ಹೇಳಲು ಹೊಸತೇನಾದರೂ ಇರಬೇಕು, ಖರ್ಚು ಹಿಡಿತದಲ್ಲಿರಬೇಕು, ಹಿಂದಿನದನ್ನು ನೋಡದ ಹುಡುಗ ಹುಡುಗಿಯರಿಗೂ ಬಾಗಿಲು ತೆರೆದಿರಬೇಕು. ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ, 1981ರ ಲ್ಯೂಕಾಸ್ ಮತ್ತು ಸ್ಪೀಲ್‌ಬರ್ಗ್ ಮಾಡಿದ್ದನ್ನೇ ಮಾಡುವುದು ಲೇಸು: ಹಳೆಯ ನಾಯಕನನ್ನು ಗೌರವದಿಂದ ಅವನ ಪಾಡಿಗೆ ಬಿಟ್ಟು, ಅದೇ ರೋಮಾಂಚನಕ್ಕೆ ಹೊಸದೊಂದು ಹೆಸರಿಡುವುದು.